ಶುಕ್ರವಾರ ಕಳಿಸಬಾರದ ಅರವತ್ತೊಂದು ಗಂಟುಗಳು

ನಮ್ಮ ಮನೆಯಿಂದ ಶುಕ್ರವಾರ ಒಂದು ಹುಲ್ಲುಕಡ್ಡಿಯೂ ಹೊರಗೆ ಹೋಗುವ ಹಾಗಿರಲಿಲ್ಲ. ಪಕ್ಕದ ಮನೆಯವರು ಹೆಪ್ಪು ಹಾಕಲು ಒಂದು ಚಮಚ ಮಜ್ಜಿಗೆ ಕೇಳಿದರೂ ಇಲ್ಲ, ಸೂಜಿ ಕೇಳಿದರೂ ಇಲ್ಲ. ಗುಡಿಸಿದ ಕಸ ಕೂಡ ಬಾಗಿಲ ಮೂಲೆಯಲ್ಲಿ ಕೂತು ಶನಿವಾರದ ದಾರಿ ಕಾಯಬೇಕು. ಶುಕ್ರವಾರ ಏನು ಹೊರಗೆ ಹೋದರೂ ಅದರ ಬೆನ್ನಿಗೇ ಲಕ್ಷ್ಮಿಯೂ ಹೊರಟುಬಿಡುತ್ತಾಳೆ ಅನ್ನುವುದು ನಮ್ಮತ್ತೆಯ ಕಾನೂನು. ನಾನು ಅರಸೀಕೆರೆಯ ಒಂದು ಕಂದಾಯ ಕಚೇರಿಯಲ್ಲಿ ಬೆರಳಚ್ಚು ಮಾಡುತ್ತಿದ್ದವಳು. ದಿನವಿಡೀ ಕಾನೂನನ್ನೇ ಕುಟ್ಟಿ ಕುಟ್ಟಿ ಮನೆಗೆ ಬಂದರೆ ಇಲ್ಲೂ ಇನ್ನೊಂದು ಕಾನೂನು. ನನಗೆ ಮೈಯೆಲ್ಲ ಉರಿಯುತ್ತಿತ್ತು.

ಹಾಗೆ ಉರಿದ ಒಂದು ದಿನ ಎಡವಟ್ಟು ಮಾಡಿಕೊಂಡೆ. ಹಳೇ ಬಟ್ಟೆಗೆ ಸ್ಟೀಲ್ ಪಾತ್ರೆ ಕೊಡುವವಳು ಬೀದಿಗೆ ಬಂದಿದ್ದಳು. ಅತ್ತೆಯ ಟ್ರಂಕಿನ ತಳದಲ್ಲಿ ಜರಿ ಕಿತ್ತುಹೋದ, ಅರ್ಧ ಇಲಿ ತಿಂದ ಒಂದು ಸೀರೆ ಇತ್ತು. ಅದನ್ನು ಕೊಟ್ಟು ಮುಚ್ಚಳವಿರುವ ಒಂದು ಡಬ್ಬಿ ತೆಗೆದುಕೊಂಡೆ. ಅವತ್ತು ಶುಕ್ರವಾರ ಅನ್ನುವುದು ಮರೆತಿತ್ತು ಅಂತ ಆಮೇಲೆ ಎಲ್ಲರಿಗೂ ಹೇಳಿದೆ. ಸುಳ್ಳು. ಚೆನ್ನಾಗಿ ನೆನಪಿತ್ತು, ನೆನಪಿಟ್ಟುಕೊಂಡೇ ಕೊಟ್ಟೆ. ಅತ್ತೆ ಬೀದಿಯಲ್ಲಿ ನಿಂತು, "ನಮ್ಮವ್ವ ಉಟ್ಟಿದ್ದ ಸೀರೆ ಕಣೇ ಅದು! ಮನೆಹಾಳಿ!" ಎಂದು ಕೂಗಾಡಿದರು. ಅಷ್ಟು ಹೊತ್ತಿಗೆ ಪಾತ್ರೆಯವಳು ರೈಲ್ವೆ ಗೇಟು ದಾಟಿಯಾಗಿತ್ತು. ಆಮೇಲೆ ಮೂರು ವಾರ ನಮ್ಮಿಬ್ಬರಿಗೂ ಮಾತಿಲ್ಲ. ಸಾರಿಗೆ ಉಪ್ಪು ಕಡಿಮೆಯಾದರೆ ಅದನ್ನೂ ಅತ್ತೆ ನನ್ನ ಗಂಡನ ಮೂಲಕ ಹೇಳಿ ಕಳಿಸುತ್ತಿದ್ದರು. ನಾವಿಬ್ಬರೂ ಅದೇ ಒಲೆಯ ಮುಂದೆ ನಿಂತಿರುವಾಗ.

ಆ ಮೂರು ವಾರದ ನಡುವೆಯೇ ಹತ್ತಿರದ ಗಂಡಸಿ ಊರಿನಲ್ಲಿ ನೆಂಟರ ಮದುವೆ ಬಂತು. ನಮ್ಮ ಕಡೆ ಮದುವೆಯ ಊಟದ ಹೊತ್ತಿನಲ್ಲಿ ಹೆಣ್ಣಿನವರು ಗಂಡಿನವರನ್ನು ಹಂಗಿಸಿ ಹಾಡುತ್ತಾರೆ, ಅವರೂ ತಿರುಗಿಸಿ ಹಾಡುತ್ತಾರೆ. ಬೀಗರ ಹಾಡು ಅಂತ. ಅತ್ತೆಗೆ ಓದು ಬರಹ ಬಾರದು, ಆದರೆ ಈ ಹಾಡಿನಲ್ಲಿ ಅವರನ್ನು ಮೀರಿಸುವವರು ಸುತ್ತ ಹತ್ತೂರಲ್ಲಿ ಇರಲಿಲ್ಲ. ಅವರ ಹಾಡು ಕೇಳಿ ಪಾಯಸದ ಎಲೆ ಬಿಟ್ಟು ಎದ್ದುಹೋದ ಬೀಗರಿದ್ದಾರೆ. ಅಂಥವರು ಗಂಡಸಿಯಲ್ಲಿ ಮೂರು ನುಡಿ ಹಾಡಿ ನಾಲ್ಕನೆಯದಕ್ಕೆ ನಿಂತುಬಿಟ್ಟರು. ಮರೆತೇಹೋಗಿತ್ತು. ಬಾಯಿ ತೆರೆದುಕೊಂಡೇ ಇತ್ತು, ಮಾತು ಬರಲಿಲ್ಲ. ಆ ಕಡೆಯವರು ಚಪ್ಪಾಳೆ ತಟ್ಟಿ ನಕ್ಕರು. ಅತ್ತೆ ಮೆಲ್ಲಗೆ ಕೂತುಕೊಂಡರು. ನಾನು ಅವರ ಬೆನ್ನ ಹಿಂದೆಯೇ, ಸೆರಗು ತಾಗುವಷ್ಟು ಹತ್ತಿರದಲ್ಲಿ, ಮುಖ ಊದಿಸಿಕೊಂಡು ಕೂತಿದ್ದೆ.

ಅಲ್ಲಿಂದ ಬಂದಮೇಲೆ ಅತ್ತೆ ಹಾಡುವುದನ್ನೇ ಬಿಟ್ಟರು. ಅವರೆಕಾಯಿ ಬಿಡಿಸುವಾಗಲೂ ಇಲ್ಲ, ರಾಗಿ ಆರಿಸುವಾಗಲೂ ಇಲ್ಲ. ಮನೆ ಬಿಕೋ ಅನ್ನುತ್ತಿತ್ತು. ಬೈಯುವ ಅತ್ತೆಯನ್ನು ತಡೆದುಕೊಳ್ಳಬಹುದು, ಸುಮ್ಮನಿರುವ ಅತ್ತೆಯನ್ನು ನೋಡಿ ನನಗೆ ನಿಜವಾಗಿ ಹೆದರಿಕೆಯಾಯಿತು.

ಆಮೇಲೆ ಬೇಲೂರಿನಲ್ಲಿದ್ದ ನನ್ನ ನಾದಿನಿಯ ಮಗಳಿಗೆ ಮದುವೆ ಗೊತ್ತಾಯಿತು. ಗಂಡಿನವರು ಬಿಕ್ಕೋಡಿನ ಕಡೆಯವರು. ಗಂಡಿನ ಅಜ್ಜಿಯೂ ಹಾಡಿನಲ್ಲಿ ಹುಲಿಯಂತೆ ಅನ್ನುವ ಸುದ್ದಿ ಬಂತು. ಅವತ್ತು ಸಂಜೆ ಅತ್ತೆ ಒಂದು ಮಣೆ ತಂದು ನಮ್ಮ ಕಂಪ್ಯೂಟರ್ ಪಕ್ಕ ಹಾಕಿಕೊಂಡು ಕೂತರು. ಮೂರು ವಾರದ ಮೇಲೆ ನನ್ನ ಜೊತೆ ಆಡಿದ ಮೊದಲ ಮಾತು: "ನಾನು ಹೇಳ್ತೀನಿ, ನೀನು ಈ ಪೆಟ್ಟಿಗೇಲಿ ಹೊಡಿ."

ಹೀಗೆ ಎರಡು ತಿಂಗಳು, ಎರಡು ದಿನಕ್ಕೊಂದು ನುಡಿ. ಒಟ್ಟು ಮೂವತ್ತೆರಡು. ಮದುವೆಯಲ್ಲಿ ನಾನು ಅಚ್ಚಾದ ಹಾಳೆ ಹಿಡಿದು ಅವರ ಹಿಂದೆ ಕೂರುವುದು, ಒಂದೊಂದು ನುಡಿಯ ಮೊದಲ ಮಾತನ್ನು ಎತ್ತಿಕೊಡುವುದು, ಮಿಕ್ಕಿದ್ದನ್ನು ಅವರು ಹಾಡುವುದು ಅಂತ ಒಪ್ಪಂದವಾಯಿತು. "ಇದೊಂದು ಹಾಡಿಬುಟ್ರೆ ಸಾಕು ಕಣೇ. ಗಂಡಸೀಲಿ ಹೋದ ಮಾನ ಬೇಲೂರಲ್ಲಿ ವಾಪಸ್ ಬರ್ಬೇಕು," ಎಂದರು.

ಇನ್ನು ಆ ಪೆಟ್ಟಿಗೆಯ ವಿಷಯ. ನನ್ನ ಗಂಡ ರೈಲ್ವೆ ಗೂಡ್ಸ್ ಆಫೀಸಿನಲ್ಲಿ ಗುಮಾಸ್ತರು. ಊರಿನವರೆಲ್ಲ ಯಾವುದೋ ಒಂದು ಮಾಮೂಲಿ ವ್ಯವಸ್ಥೆಯ ಕಂಪ್ಯೂಟರ್ ಇಟ್ಟುಕೊಂಡಿದ್ದರೆ ಇವರಿಗೆ ಮಾತ್ರ ಲಿನಕ್ಸೇ ಆಗಬೇಕು. ಕಂಪ್ಯೂಟರ್ ಪತ್ರಿಕೆಯೊಂದರ ಜೊತೆ ಪುಕ್ಕಟೆಯಾಗಿ ಸಿ.ಡಿ. ಬರುತ್ತಿತ್ತು. ತಿಂಗಳು ತಿಂಗಳು ಅದರಲ್ಲಿದ್ದದ್ದನ್ನೆಲ್ಲ ತುಂಬುವುದೇ ಅವರ ವ್ರತ. ನಕ್ಷತ್ರ ತೋರಿಸುವುದು, ಚದುರಂಗ ಆಡುವುದು, ರಷ್ಯನ್ ಭಾಷೆ ಕಲಿಸುವುದು, ನಮ್ಮ ಮನೆಯಲ್ಲಿಲ್ಲದ ಪಿಯಾನೋಗೆ ಶ್ರುತಿ ಕೂಡಿಸುವುದು. "ಯಾಕ್ರೀ ಇದೆಲ್ಲ?" ಅಂದರೆ, "ಬಿಟ್ಟಿ ಬಂದದ್ದನ್ನ ಬೇಡ ಅನ್ನಬಾರದು ಕಣೇ," ಅನ್ನುತ್ತಿದ್ದರು. ತಾಯಿಗೆ ತಕ್ಕ ಮಗ.

ಈ ಲಿನಕ್ಸಿನಲ್ಲಿ ಎಲ್ಲವೂ ಪ್ಯಾಕೇಜು, ಅಂದರೆ ಗಂಟು. ಅಕ್ಷರ ತೋರಿಸಲು ಒಂದು ಗಂಟು, ಪ್ರಿಂಟರಿಗೆ ಒಂದು ಗಂಟು, ಚದುರಂಗಕ್ಕೆ ಒಂದು ಗಂಟು. ಅಲ್ಲಿದ್ದ ಹಳೆಯ ಗಂಟುಗಳಿಗೆ ಕನ್ನಡ ಅರೆಬರೆ ಬರುತ್ತಿತ್ತು. ಪರದೆಯ ಮೇಲೆ ಒತ್ತಕ್ಷರಗಳು ಕೆಳಗೆ ಕೂರುವ ಬದಲು ಪಕ್ಕದಲ್ಲಿ ನಿಂತುಕೊಂಡರೂ ಹೇಗೋ ಓದಬಹುದಿತ್ತು. ಪ್ರಿಂಟ್ ಕೊಟ್ಟರೆ ಮಾತ್ರ ಹಾಳೆಯ ತುಂಬ ಖಾಲಿ ಚೌಕಗಳು. ಮದುವೆ ಭಾನುವಾರ. ಹಿಂದಿನ ಗುರುವಾರ ಹೊಸ ಆವೃತ್ತಿಯ ಸಿ.ಡಿ.ಗಳು ಬಂದವು. ಅದರಲ್ಲಿ ಕನ್ನಡ ಸರಿಯಾಗಿ ಅಚ್ಚಾಗುತ್ತದಂತೆ. "ನಾಳೆ ಶುಕ್ರವಾರ, ಒಳ್ಳೇ ದಿನ, ಇಬ್ಬರೂ ರಜೆ ಹಾಕಿದ್ದೀವಿ. ಬೆಳಿಗ್ಗೆ ಹಾಕಿಬಿಡೋಣ," ಎಂದರು ನನ್ನ ಗಂಡ. ಗುರುವಾರ ರಾತ್ರಿಯೇ ಮೂವತ್ತೆರಡು ನುಡಿಗಳನ್ನು ಪರದೆ ನೋಡಿ ಕೈಯಲ್ಲಿ ಬರೆದಿಟ್ಟುಕೊಳ್ಳಬಹುದಿತ್ತು. ಬುದ್ಧಿ ಇದ್ದಿದ್ದರೆ.

ಶುಕ್ರವಾರ ಬೆಳಿಗ್ಗೆ ಅತ್ತೆ ಪೆಟ್ಟಿಗೆಗೆ ಕುಂಕುಮ ಇಟ್ಟು, ಊದುಬತ್ತಿ ಬೆಳಗಿ, ಸಿ.ಡಿ.ಗೂ ಅರಿಸಿನ ಹಚ್ಚಲು ಹೋದಾಗ ನನ್ನ ಗಂಡ ಅದನ್ನು ಕಿತ್ತುಕೊಂಡರು. ಹಾಕಿದ ಐದು ನಿಮಿಷಕ್ಕೆ ಪರದೆಯ ಮೇಲೆ ಉದ್ದನೆಯ ಪಟ್ಟಿ ಬಂತು. ನನ್ನ ಗಂಡ ತಾಯಿಗೆ ಅರ್ಥವಾಗಲಿ ಅಂತ ಕನ್ನಡದಲ್ಲಿ ಓದಿ ಹೇಳಿದರು: "ಅವ್ವಾ, ಹೊಸ ಗಂಟುಗಳಿಗೂ ಹಳೇ ಅರವತ್ತೊಂದು ಗಂಟುಗಳಿಗೂ ಆಗಿಬರಲ್ವಂತೆ. ಹಳೇವನ್ನ ಹೊರಗೆ ಹಾಕ್ಲಾ ಅಂತ ಕೇಳ್ತಿದೆ."

ಓದಬಾರದಿತ್ತು. ಬಾಯಿ ಮುಚ್ಚಿಕೊಂಡು 'ಹೂಂ' ಅನ್ನುವ ಗುಂಡಿ ಒತ್ತಿದ್ದರೆ ಈ ಕತೆಯೇ ಇರುತ್ತಿರಲಿಲ್ಲ.

"ಇವತ್ತಾ?" ಎಂದರು ಅತ್ತೆ. "ಶುಕ್ರವಾರ ಬೆಳಿಗ್ಗೆ, ಬಾಗಿಲಿಗೆ ರಂಗೋಲಿ ಹಾಕಿವ್ನಿ, ದೀಪ ಇನ್ನೂ ಉರೀತೈತೆ, ಅರವತ್ತೊಂದು ಗಂಟು ಹೊರಗಾಕ್ತೀಯೇನ್ಲಾ? ಮನೇಲಿ ಏನಾರ ಉಳೀತದಾ?"

"ಅವ್ವಾ, ಅವು ನಿಜವಾದ ಗಂಟಲ್ಲ..."

"ಗಂಟು ಅಂತ ನೀನೇ ಅಂದ್ಯಲ್ಲ!"

ನಾನು, "ರೀ, ಸುಮ್ನೆ ಒತ್ರೀ," ಅಂದೆ. ಅತ್ತೆ ನನ್ನ ಕಡೆ ತಿರುಗಿ, "ನೀನು ಸುಮ್ಕಿರು. ಶುಕ್ರವಾರ ಹೊರಗಾಕೋದ್ರಲ್ಲಿ ನಿನ್ ಕೈ ಎಂಥದ್ದು ಅಂತ ಊರಿಗೇ ಗೊತ್ತೈತೆ," ಎಂದರು. ಸೀರೆ! ಮೂರು ತಿಂಗಳಾಗುತ್ತ ಬಂದರೂ ಸೀರೆ! ನಾನು ದಡದಡ ಅಡುಗೆಮನೆಗೆ ಹೋಗಿ ಬೇಡದಿದ್ದರೂ ಕಾಯಿ ತುರಿಯುತ್ತ ಕೂತೆ.

ನನ್ನ ಗಂಡ ತಾಯಿಯ ಮಾತು ಮೀರುವವರಲ್ಲ. ಅರವತ್ತೊಂದಕ್ಕೂ 'ಬೇಡ, ಇರಲಿ' ಅಂದರು. ಹಾಗಾದರೆ ನಾನು ಮುಂದೆ ಹೋಗುವುದಿಲ್ಲ ಅಂದಿತು ಯಂತ್ರ. ಆಗ ಇವರು ಪತ್ರಿಕೆ ತಿರುವಿ ತಿರುವಿ ಒಂದು ಉಪಾಯ ಹುಡುಕಿದರು: ಎದುರು ಮಾತಾಡದೆ ಎಲ್ಲವನ್ನೂ ತುರುಕಿಕೋ ಅನ್ನುವ ಜಬರ್ದಸ್ತಿ ಆಜ್ಞೆ. ಅದರ ಪಕ್ಕದಲ್ಲೇ ದಪ್ಪ ಅಕ್ಷರದಲ್ಲಿ ಎಚ್ಚರಿಕೆಯೂ ಅಚ್ಚಾಗಿತ್ತು, ಆಮೇಲೆ ನಾನು ನೋಡಿದೆ. ಒಂದು ಗಂಟೆ ಹೊತ್ತು ಪೆಟ್ಟಿಗೆ ಗೊರಗೊರ ಅಂದಿತು. ಹಳೆಯದೂ ಇತ್ತು, ಅದರ ಮೇಲೆ ಹೊಸದೂ ಬಂದು ಕೂತಿತು. ಲಕ್ಷ್ಮಿ ಎಲ್ಲಿಗೂ ಹೋಗಲಿಲ್ಲ.

ಆರಿಸಿ ಹಾಕಿದಾಗ ಪರದೆ ಹೆಸರು ಕೇಳಿತು, ಗುಟ್ಟಿನ ಪದ ಕೇಳಿತು, ಕೊಟ್ಟರೆ ಒಮ್ಮೆ ಕಣ್ಣು ಮಿಟುಕಿಸಿ ಮತ್ತೆ ಹೆಸರು ಕೇಳಿತು. ಮತ್ತೆ ಕೊಟ್ಟರು, ಮತ್ತೆ ಕೇಳಿತು. ಅರವತ್ತು ಸಲ ಕೊಟ್ಟಿರಬೇಕು. "ಏನ್ಲಾ, ನಿನ್ನ ಗುರ್ತೇ ಹಿಡೀತಿಲ್ವಾ?" ಎಂದರು ಅತ್ತೆ. ನನ್ನ ಗಂಡ ಯಾವುದೋ ಮೂರು ಗುಂಡಿ ಒಟ್ಟಿಗೆ ಒತ್ತಿ ಒಂದು ಕಪ್ಪು ಪರದೆ ತಂದರು. ಅಲ್ಲಿ ಬರೀ ಇಂಗ್ಲಿಷ್ ಅಕ್ಷರ. ಹಾಡಿನ ಕಡತ ಇದೆ ಅಂತ ಅದು ಒಪ್ಪಿಕೊಂಡಿತು. ತೆರೆದು ತೋರಿಸು ಅಂದರೆ ಮೂವತ್ತೆರಡು ನುಡಿಯ ಜಾಗದಲ್ಲಿ ಪ್ರಶ್ನೆ ಚಿಹ್ನೆಗಳ ಸಾಲು ಸಾಲು.

"ಹಾಡು ಒಳಗೆ ಐತಾ, ಇಲ್ವಾ?" ಅತ್ತೆ ಕೇಳಿದರು.

"ಐತೆ ಅವ್ವಾ. ಕಾಣಲ್ಲ ಅಷ್ಟೇ."

ಫ್ಲಾಪಿಗೆ ಹಾಕಿಕೊಂಡು ಬಸ್ ಸ್ಟ್ಯಾಂಡಿನ ಹತ್ತಿರದ ಡಿ.ಟಿ.ಪಿ. ಅಂಗಡಿಗೆ ಓಡೋಣ ಅಂದೆ. ನಿಲ್ಲಿ, ನಗಬೇಡಿ. ಅತ್ತೆ ಬಾಗಿಲಿಗೆ ಅಡ್ಡ ನಿಂತರು. ಹಾಡನ್ನು ಶುಕ್ರವಾರ ಮನೆಯಿಂದ ಹೊರಗೆ ತೆಗೆದುಕೊಂಡು ಹೋಗುವ ಹಾಗಿಲ್ಲ! ನಾನು ಹಣೆ ಹಣೆ ಚಚ್ಚಿಕೊಂಡೆ. ಸುಮ್ಮನೆ ಹೇಳುವ ಮಾತಲ್ಲ, ನಿಜವಾಗಿಯೇ ಚಚ್ಚಿಕೊಂಡೆ.

ಶನಿವಾರ ಬೆಳಗಾಗುವುದೇ ತಡ, ಅಂಗಡಿಯ ಷಟರ್ ಎತ್ತುವ ಮೊದಲೇ ನಾನು ಅಲ್ಲಿದ್ದೆ. ಅಂಗಡಿಯವರು ಫ್ಲಾಪಿ ಹಾಕಿ ನೋಡಿ, ಕನ್ನಡಕ ಒರೆಸಿಕೊಂಡು ಮತ್ತೆ ನೋಡಿದರು. ಅವರ ಕನ್ನಡದ ವಿಧಾನವೇ ಬೇರೆ, ನಮ್ಮದೇ ಬೇರೆ. ಪರದೆಯ ತುಂಬ ಚೌಕಗಳು. "ಏನ್ ಮೇಡಂ ಇದು, ಮೈಸೂರ್ ಪಾಕ್ ಕತ್ತರಿಸಿಟ್ಟಂಗಿದೆ," ಎಂದರು. ಮದುವೆಯ ಹಾಡು ಅಂದೆ. "ಸಿಹಿ ಹಾಡೇ ಬಿಡಿ," ಎಂದು ನಕ್ಕರು. ನನಗೆ ನಗು ಬರಲಿಲ್ಲ.

ಮನೆಗೆ ಬಂದು ನೋಟ್‌ಬುಕ್ಕು ಹಿಡಿದು ಅತ್ತೆಯ ಎದುರು ಕೂತೆ. "ಹೋಗ್ಲಿ ಅತ್ತೆ, ಮತ್ತೆ ಹೇಳಿ, ಕೈಯಲ್ಲೇ ಬರ್ಕೊಂಡುಬಿಡ್ತೀನಿ." ಅತ್ತೆ ಶುರು ಮಾಡಿದರು.

ಬಿಕ್ಕೋಡಿಂದ ಬಂದೋರು ಬೀಗರು ಬಿಂಕದೋರು
ಹತ್ತೋವಾಗ ಹತ್ತು ಜನ, ಜೀಪಿಂದ ಇಳಿದೋರು ಇಪ್ಪತ್ತು ಜನ

ಕಾಪಿ ತೋಟದ ಬೀಗಿತ್ತಿ ಕಾಪಿ ಮುಟ್ಟಾಕಿಲ್ವಂತೆ
ಲೋಟದಾಗೆ ಕೊಟ್ಟರೆ ಬ್ಯಾಡ, ಕೊಳದಪ್ಪಲೇನೆ ತತ್ತಾ ಅಂದ್ಲಂತೆ

ಒಂಬತ್ತು ನುಡಿ ಬಂತು. ಹತ್ತನೆಯದರಲ್ಲಿ ಬೇರೆ ಯಾವುದೋ ಮದುವೆಯ ಬೀಗರು ನುಗ್ಗಿದರು. ಹನ್ನೊಂದನೆಯದು ಇಪ್ಪತ್ತು ವರ್ಷದ ಹಿಂದೆ ನನ್ನ ತವರಿನವರಿಗೇ ಹಾಡಿದ್ದು, ನನ್ನ ಅಪ್ಪನ ಬೊಕ್ಕತಲೆಯದು. "ಅತ್ತೆ, ಅದು ನಮ್ಮಪ್ಪಂದು!" ಅಂದೆ. ಅವರು ನಿಂತರು. ಮತ್ತೆ ಮೊದಲಿಂದ ಶುರು ಮಾಡಿದರು. ಈ ಸಲ ಏಳಕ್ಕೇ ನಿಂತಿತು. ಮೂರನೇ ಸಲ ಅವರು ಬಾಯಿ ತೆರೆದು, ಏನೂ ಹೇಳದೆ, ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿಕೊಳ್ಳುತ್ತ ನನ್ನನ್ನೇ ನೋಡಿದರು. ಗಂಡಸಿಯಲ್ಲಿ ನೋಡಿದ್ದ ಅದೇ ಮುಖ. ಮಿಕ್ಕ ನುಡಿಗಳು ಈಗ ಆ ಹಾಳು ಪೆಟ್ಟಿಗೆಯಲ್ಲಿ ಬಿಟ್ಟರೆ ಈ ಭೂಮಿಯ ಮೇಲೆ ಇನ್ನೆಲ್ಲೂ ಇಲ್ಲ ಅನ್ನುವುದು ಆಗ ನನಗೆ ಗೊತ್ತಾದದ್ದು.

"ಏಳ್ರೀ ಮೇಲೆ," ಅಂದೆ ಗಂಡನಿಗೆ. "ಕುರ್ಚಿ ಬಿಡಿ. ನಾನು ನೋಡ್ತೀನಿ."

"ನಿನಗೇನು ಗೊತ್ತಾಗತ್ತೆ?"

"ನಿಮಗೆ ಗೊತ್ತಾಗಿ ಏನು ಉದ್ಧಾರವಾಯ್ತು?"

ಬೇಲೂರಿನ ಬಸ್ಸು ಮೂರು ಗಂಟೆಗೆ. ಆಗ ಹನ್ನೊಂದೂವರೆ. ಕಪ್ಪು ಪರದೆಯ ಮೇಲೆ ದೂರುಗಳ ಪಟ್ಟಿ ಬರುವುದು ಹೇಗೆ ಅಂತ ಗಂಡನಿಂದ ತಿಳಿದುಕೊಂಡು ಸಾಲು ಸಾಲಾಗಿ ಓದತೊಡಗಿದೆ. ಮೊದಲ ಹತ್ತು ಸಾಲು ಗ್ರೀಕೋ ಲ್ಯಾಟಿನ್ನೋ ಅನ್ನಿಸಿತು. ಹನ್ನೊಂದನೆಯದಕ್ಕೆ, ಅಯ್ಯೋ, ಇದು ನಾನು ದಿನಾ ಕುಟ್ಟುವ ತಕರಾರು ಅರ್ಜಿಯಲ್ಲವೇ! ಇಂಥ ಕಡತ ನನ್ನದು ಅನ್ನುತ್ತದೆ ಹೊಸ ಗಂಟು. ಅದೇ ಕಡತ ನನ್ನ ಹೆಸರಿನಲ್ಲಿದೆ ಅನ್ನುತ್ತದೆ ಹಳೆಯ ಗಂಟು. ಒಂದೇ ಸರ್ವೆ ನಂಬರಿಗೆ ಇಬ್ಬರು ಪಹಣಿ ಹಿಡಿದುಕೊಂಡು ಬಂದ ಹಾಗೆ. ಇಂಥದ್ದಕ್ಕೆ ನಮ್ಮ ಕಚೇರಿಯಲ್ಲಿ ಮಾಡುವುದು ಒಂದೇ: ಒಂದು ಹಾಳೆಗೆ ಗೆರೆ ಎಳೆದು ಎಡಕ್ಕೆ ಹಕ್ಕುದಾರ, ಬಲಕ್ಕೆ ತಕರಾರುದಾರ. ನೋಟ್‌ಬುಕ್ಕಿನಲ್ಲಿ ಹಾಡು ಬರೆದಿದ್ದ ಪುಟದ ಹಿಂದೆಯೇ ಗೆರೆ ಎಳೆದೆ. ಅರ್ಧ ಗಂಟೆಯಲ್ಲಿ ಚಿತ್ರ ಸ್ಪಷ್ಟವಾಯಿತು. ಎಡಗಡೆ ಬರೀ ಹಳೆಯವು, ಹೆಚ್ಚಿನವು ಪತ್ರಿಕೆಯ ಬಿಟ್ಟಿ ಸಿ.ಡಿ.ಯಿಂದ ಬಂದವು. ಅಕ್ಷರ ತೋರಿಸುವ ಹೊಸ ಗಂಟನ್ನು ಕೆಲಸ ಮಾಡಲು ಬಿಡದೆ ಅಡ್ಡ ಕೂತಿದ್ದದ್ದು ಆ ರಷ್ಯನ್ ಕಲಿಸುವುದರ ಜೊತೆ ಬಂದಿದ್ದ ಒಂದು ಹಳೇ ಅಕ್ಷರದ ಗಂಟು. ಪಿಯಾನೋ ಶ್ರುತಿಯದೂ ಅಲ್ಲೇ ಇತ್ತು, ಕಳ್ಳ.

"ಅತ್ತೆ," ಅಂದೆ, "ಅರವತ್ತೊಂದೂ ಹೋಗ್ಬೇಕು. ಇವತ್ತು ಶನಿವಾರ. ಏನಂತೀರಿ?"

ಅತ್ತೆ ಯೋಚಿಸಿದರು. ಶನಿವಾರ ಕಬ್ಬಿಣ ತರಬಾರದು, ಎಣ್ಣೆ ತರಬಾರದು. ಕಳಿಸಲು ಅಡ್ಡಿಯಿಲ್ಲ. "ಆದ್ರೆ ಹೊಸದನ್ನ ಒಳಗೆ ತಂದಂಗಾಗಲ್ವಾ?"

"ಸಿ.ಡಿ. ಮನೆಗೆ ಬಂದಿದ್ದು ಗುರುವಾರ ಅವ್ವಾ," ಎಂದರು ನನ್ನ ಗಂಡ. ಜೀವಮಾನದಲ್ಲಿ ಅವರು ಸಮಯಕ್ಕೆ ಸರಿಯಾಗಿ ಆಡಿದ ಒಂದೇ ಮಾತು ಅದು.

"ಹಂಗಾರೆ ಕಳ್ಸು," ಎಂದು ಅತ್ತೆ ಮಣೆ ಎಳೆದುಕೊಂಡು ಪಕ್ಕದಲ್ಲಿ ಕೂತರು.

ನಾನು ಮೊದಲನೆಯದರ ಹೆಸರು ಕುಟ್ಟಿ, "ಹೋಗು ಶನಿ," ಅಂದೆ.

"ಥೂ, ಹೋಗು ಅನ್ನಬೇಡ್ವೇ! ಇಷ್ಟು ದಿನ ಮನೇಲಿದ್ದಿದ್ದು. ಹೋಗ್ಬಾ ಅನ್ನು."

"ಹೋಗ್ಬಾ ಅಂದ್ರೆ ವಾಪಸ್ ಬಂದ್ರೆ ಏನ್ ಗತಿ ಅತ್ತೆ?"

"ನೀನು ಕುಟ್ಟು, ನಾನು ಹೇಳ್ತೀನಿ."

ಹಾಗೆ ಶುರುವಾಯಿತು ಮೆರವಣಿಗೆ. ನಾನು ಹೆಸರು ಕುಟ್ಟುವುದು, ಗಂಡ ನೋಟ್‌ಬುಕ್ಕಿನಲ್ಲಿ ಗೆರೆ ಹೊಡೆಯುವುದು, ಅತ್ತೆ ಕೈ ಎತ್ತಿ "ಹೋಗ್ಬಾ" ಅನ್ನುವುದು. ನಕ್ಷತ್ರಕ್ಕೆ ಹೋಗ್ಬಾ. ಚದುರಂಗಕ್ಕೆ ಹೋಗ್ಬಾ. ಪಿಯಾನೋ ಶ್ರುತಿ ಹೋಗುವಾಗ ನನ್ನ ಗಂಡನ ಮುಖ ಬಾಡಿತು. ಮಧ್ಯದಲ್ಲಿ ಕರೆಂಟು ಹೋಯಿತು. ಕೂ ಕೂ ಎಂದು ಒದರುವ ಬ್ಯಾಟರಿಯ ಮೇಲೆ ಯಂತ್ರ ನಿಂತಿತ್ತು. ಅತ್ತೆ ಮಾಲೇಕಲ್ಲಿನ ತಿಮ್ಮಪ್ಪನಿಗೆ ಮೆಟ್ಟಿಲು ಹತ್ತಿ ಬರುವುದಾಗಿ ಹರಕೆ ಹೊತ್ತರು, ಹತ್ತುವವಳು ನಾನು ಅಂತಲೂ ಸೇರಿಸಿದರು. ಹತ್ತು ನಿಮಿಷದಲ್ಲಿ ಕರೆಂಟು ಬಂತು.

ಮೂವತ್ತೆಂಟನೆಯದು ಮಾತ್ರ ಜಪ್ಪಯ್ಯ ಅಂದರೂ ಅಲುಗಲಿಲ್ಲ. "ಇದನ್ನು ನಂಬಿಕೊಂಡು ಇನ್ನೂ ಹದಿನಾಲ್ಕು ಗಂಟುಗಳಿವೆ, ಇದನ್ನು ತೆಗೆಯಲಾಗದು," ಎಂದಿತು ಪರದೆ. ನನ್ನ ಗಂಡ ಅದನ್ನೂ ಓದಿ ಹೇಳಿದರು, ಬುದ್ಧಿ ಕಲಿಯದ ಮನುಷ್ಯ.

ಅತ್ತೆಯ ಮನಸ್ಸು ಕರಗಿಹೋಯಿತು. "ಅಯ್ಯೋ ಪಾಪ, ಮಕ್ಕಳೊಂದಿಗ ಕಣೇ. ಅವನನ್ನ ಬುಟ್ಬುಡು."

"ಅತ್ತೆ, ಇವನೇ ಆ ರಷ್ಯದವನು. ನಿಮ್ಮ ಹಾಡಿನ ಮೇಲೆ ಕೂತಿರೋನೇ ಇವನು."

"ಅವನ ಮಕ್ಕಳು ಏನ್ ಮಾಡ್ಯವೆ?"

"ಆ ಹದಿನಾಲ್ಕೂ ನಮ್ಮ ಪಟ್ಟಿಯಲ್ಲೇ ಇವೆ. ಹೆಂಗಿದ್ರೂ ಹೋಗೋವೇ."

ಅತ್ತೆ ಗಡಿಯಾರ ನೋಡಿದರು, ಪರದೆ ನೋಡಿದರು, ನಿಟ್ಟುಸಿರು ಬಿಟ್ಟರು. "ಹಂಗಾರೆ ಅಗಲಿಸಬೇಡ. ಒಟ್ಟಿಗೇ ಕಳ್ಸು." ಹದಿನೈದು ಹೆಸರನ್ನೂ ಒಂದೇ ಸಾಲಿನಲ್ಲಿ ಕುಟ್ಟಿದೆ. ಈ ಸಲ ಒಂದು ಮಾತೂ ಆಡದೆ ಹೋದವು. "ಸಂಸಾರ ಸಮೇತ ಸುಖವಾಗಿ ಹೋಗ್ಬಾರಪ್ಪಾ," ಎಂದು ಹರಸಿದ ಅತ್ತೆ, ಲೆಕ್ಕ ತಪ್ಪಬಾರದು ಅಂತ ಬೆರಳು ಮಡಚುತ್ತ ಹದಿನೈದು ಸಲ ಬೇರೆ ಬೇರೆಯಾಗಿಯೂ ಹೇಳಿದರು.

ಕೊನೆಯದಕ್ಕೆ ಗಂಡ ಗೆರೆ ಹೊಡೆದು, "ಅರವತ್ತೊಂದು," ಎಂದರು. ಆಮೇಲೂ ಅತ್ತೆ ಒಮ್ಮೆ ಕೈ ಎತ್ತಿ, ಯಾರಿಗೋ ಅನ್ನುವ ಹಾಗೆ, ಮೆಲ್ಲಗೆ "ಹೋಗ್ಬಾ" ಎಂದರು.

"ಮುಗೀತು ಅತ್ತೆ. ಆಗ್ಲೇ ಅರವತ್ತೊಂದಾಯ್ತು."

"ಇರ್ಲಿ ಬುಡು, ಒಂದು ಹೆಚ್ಚಿಗೆ."

ಸಿ.ಡಿ. ಮತ್ತೆ ಹಾಕಿದೆವು. ಈ ಸಲ ಯಾರ ತಕರಾರೂ ಇಲ್ಲ. ಎರಡೂವರೆಗೆ ಆರಿಸಿ ಹಾಕಿದರೆ ಹೆಸರು ಕೇಳಿತು, ಕೊಟ್ಟೆ, ಕಣ್ಣು ಮಿಟುಕಿಸದೆ ಒಳಗೆ ಬಿಟ್ಟುಕೊಂಡಿತು. ಹಾಡು ತೆರೆದೆ. ಒತ್ತಕ್ಷರಗಳೆಲ್ಲ ತಂತಮ್ಮ ಜಾಗದಲ್ಲಿ ಕೂತು 'ಬೀಗಿತ್ತಿ' ಬೀಗಿತ್ತಿಯ ಹಾಗೇ ಕಂಡಳು. ನಾನು ಅತ್ತುಬಿಟ್ಟೆ. ಸುಳ್ಳು ಯಾಕೆ ಹೇಳಲಿ, ಮೂಗು ಸೋರುವಷ್ಟು ಅತ್ತೆ. ಆರು ಹಾಳೆ ಅಚ್ಚು ಮಾಡಿ, ಶಾಯಿ ಆರುವ ಮೊದಲೇ ಚೀಲಕ್ಕೆ ತುರುಕಿ, ಮೂವರೂ ಬಸ್ ಸ್ಟ್ಯಾಂಡಿಗೆ ಓಡಿದೆವು. ಕಂಡಕ್ಟರು ಆಗಲೇ ಸೀಟಿ ಊದಿದ್ದ.

ಭಾನುವಾರ ಬೇಲೂರಿನ ಛತ್ರದಲ್ಲಿ ಎಲೆ ಹಾಕಿದ ಮೇಲೆ ಅತ್ತೆ ಎದ್ದು ನಿಂತರು. ನಾನು ಹಾಳೆ ಹಿಡಿದು ಹಿಂದೆ ಕೂತೆ. ಎದುರು ಸಾಲಿನಲ್ಲಿ ಗಂಡಿನ ಅಜ್ಜಿ, ದೊಡ್ಡ ಮೈ, ದೊಡ್ಡ ಮೂಗುತಿ, ಕೈಕಟ್ಟಿ ಕೂತಿದ್ದರು. ಮೂರು ನುಡಿ ಸರಾಗವಾಗಿ ಹೋಯಿತು. ನಾಲ್ಕಕ್ಕೆ ಅತ್ತೆಯ ಬೆನ್ನು ಸೆಟೆಯಿತು. ನಾನು ಮೊದಲ ಮಾತು ಪಿಸುಗುಟ್ಟಿದೆ. ಆ ಗದ್ದಲದಲ್ಲಿ ಅವರಿಗೆ ಕೇಳಲಿಲ್ಲ. ಇನ್ನೊಮ್ಮೆ ಅಂದೆ, ಆಗಲೂ ಇಲ್ಲ. ಆಗ, ನನ್ನ ಧ್ವನಿ ಎಂಥದ್ದು ಅಂತ ಗೊತ್ತಿದ್ದೂ, ಕಾಗೆಯ ಹಾಗೆ ಗಟ್ಟಿಯಾಗಿ ಹಾಡಿಯೇಬಿಟ್ಟೆ:

ಬೇಲೂರ ಗುಡಿಯ ನೋಡಾಕೆ ಬೀಗರು ಹೋದರಂತೆ

ಛತ್ರವೆಲ್ಲ ನಕ್ಕಿತು. ಅತ್ತೆ ತಿರುಗಿ ನನ್ನನ್ನು ನೋಡಿ, ಗಂಟಲು ಬಿಚ್ಚಿ ಎತ್ತಿಕೊಂಡರು:

ಬೀಗರ ಮೋರೆ ಕಂಡು ಕಲ್ಲಿನ ಬಾಲೇರು ಬೆನ್ನು ತಿರುಗಿಸಿದರಂತೆ

ಅಲ್ಲಿಂದ ಮುಂದೆ ಒಂದು ಸಾಲು ಕಾಗೆ, ಒಂದು ಸಾಲು ಅತ್ತೆ. ಮೂವತ್ತೆರಡೂ ಆಯಿತು. ಗಂಡಿನವರಲ್ಲಿ ಇಬ್ಬರು ಊಟ ಬಿಟ್ಟು ಎದ್ದರು. ಅತ್ತೆಗೆ ಅದಕ್ಕಿಂತ ಇನ್ನೇನು ಬೇಕು?

ಆಮೇಲೆ ಗಂಡಿನ ಅಜ್ಜಿ ಎದ್ದರು. ಸೆರಗು ಸಿಕ್ಕಿಸಿ, ಅತ್ತೆಯ ಕಡೆಗೇ ಬೆರಳು ತೋರಿಸಿ ಶುರು ಮಾಡಿದರು:

ಅರಸೀಕೆರೆ ಅಜ್ಜೀಗೆ ಬಾಯಾಗೆ ಹಲ್ಲು ಎಲ್ಡೇ ಎಲ್ಡು
ಒಂದು ಹಲ್ಲು ಕಾಯಿ ತುರಿಯಾಕೆ...

ಅಲ್ಲಿಗೆ ನಿಂತರು. ಬೆರಳು ಗಾಳಿಯಲ್ಲೇ ಇತ್ತು. ಬಾಯಿ ತೆರೆದೇ ಇತ್ತು. ನಮ್ಮ ಕಡೆಯ ಹೆಂಗಸರು ಚಪ್ಪಾಳೆಗೆ ಕೈ ಎತ್ತಿದರು, ನಾನು ಎಲ್ಲರಿಗಿಂತ ಮೊದಲು ಎತ್ತಿದೆ. ಗೆದ್ದೆವು!

ಅಷ್ಟರಲ್ಲಿ ನನ್ನ ಮುಂದಿನಿಂದ ಅತ್ತೆಯ ಧ್ವನಿ ಬಂತು, ನಿಧಾನಕ್ಕೆ, ಮಗುವಿಗೆ ಪಾಠ ಹೇಳಿಕೊಡುವ ಹಾಗೆ: "ಇನ್ನೊಂದು ಹಲ್ಲು ಸೊಸೆಯ ಕಚ್ಚಾಕೆ."

ಹಳೇ ಹಾಡು ಅದು, ಊರಿನ ಹೆಸರು ಬದಲಾಯಿಸಿ ಅತ್ತೆಯೇ ಎಷ್ಟೋ ಕಡೆ ಹಾಡಿದ್ದರು. ಆ ಅಜ್ಜಿ ಒಂದು ಗಳಿಗೆ ಅತ್ತೆಯನ್ನು ನೋಡಿ, ಸಾಲನ್ನು ಹಿಡಿದುಕೊಂಡು, ಹಾಡನ್ನು ಕೊನೆಯವರೆಗೂ ಹಾಡಿ ಮುಗಿಸಿದರು. ಅತ್ತೆ ಕೂತು ತನ್ನನ್ನು ಬೈದದ್ದನ್ನೆಲ್ಲ ತಲೆದೂಗಿ ಕೇಳಿದರು. ನಾನು ಕೋಪದಲ್ಲಿ ಹೋಳಿಗೆಯನ್ನೂ ಮುಟ್ಟಲಿಲ್ಲ.

ಸಂಜೆಯ ಬಸ್ಸಿನಲ್ಲಿ ನನ್ನ ಗಂಡ ಹಿಂದಿನ ಸೀಟಿನಲ್ಲಿ ಬಾಯಿ ತೆರೆದು ನಿದ್ದೆ ಹೊಡೆಯುತ್ತಿದ್ದರು. ಹಳೇಬೀಡು ದಾಟುವವರೆಗೂ ನಾನು ಬಾಯಿ ಬಿಗಿಹಿಡಿದಿದ್ದೆ. ಆಮೇಲೆ ಆಗಲಿಲ್ಲ.

"ಅಲ್ಲಾ ಅತ್ತೆ, ಎರಡು ದಿನ ಆ ಪೆಟ್ಟಿಗೆ ಮುಂದೆ ಪ್ರಾಣ ಬಿಟ್ಟಿದ್ದು ನೀವು ಗೆಲ್ಲಲಿ ಅಂತ. ಛತ್ರದ ತುಂಬ ಜನರ ಎದುರು ಕಾಗೆ ಥರ ಕೂಗಿದ್ದು ನೀವು ಗೆಲ್ಲಲಿ ಅಂತ. ನೀವು ನೋಡಿದ್ರೆ ಆಯಮ್ಮನಿಗೇ ಎತ್ತಿಕೊಡ್ತೀರಲ್ಲ!"

ಅತ್ತೆ ಕಿಟಕಿಯ ಆಚೆಯ ತೆಂಗಿನ ತೋಟಗಳನ್ನು ನೋಡುತ್ತಿದ್ದರು. "ಹಾಡು ನಡುವೆ ನಿಂತೋದ್ರೆ ಹೆಂಗಾಯ್ತದೆ ಅಂತ ನನಗ್ ಗೊತ್ತೈತೆ ಕಣೇ," ಎಂದರು. "ಗಂಡಸೀಲಿ ನನಗೆ ಯಾರೂ ಎತ್ತಿಕೊಡ್ಲಿಲ್ಲ."

ಜಾವಗಲ್ ಬಂತು, ಜನ ಇಳಿದರು, ಹತ್ತಿದರು, ಬಸ್ಸು ಮತ್ತೆ ಹೊರಟಿತು. ಕೊನೆಗೆ ಹೇಳಿದೆ.

"ಗಂಡಸೀಲಿ ಆ ನಾಲ್ಕನೇ ನುಡಿ ನನಗೆ ಗೊತ್ತಿತ್ತು ಅತ್ತೆ. ಹಿಂದೇನೇ ಕೂತಿದ್ದೆ. ಸೀರೆ ವಿಷಯಕ್ಕೆ ಬೈದಿದ್ರಲ್ಲ ಅಂತ ಬೇಕೂಂತಲೇ ಸುಮ್ಮನಿದ್ದೆ."

"ಗೊತ್ತು. ಪಾತ್ರೆ ತೊಳೆಯುವಾಗ ಅದನ್ನೇ ಗುನುಗ್ತಿದ್ದೆ ನೀನು."

"ಗೊತ್ತಿದ್ದೂ ಇಷ್ಟು ದಿನ ಏನೂ ಅನ್ನಲಿಲ್ವಲ್ಲ!"

"ನಿನ್ನೆ ಅರವತ್ತೊಂದಾದ ಮೇಲೆ ಹೆಚ್ಚಿಗೆ ಒಂದು ಹೋಗ್ಬಾ ಅಂದ್ನಲ್ಲ," ಎಂದರು ಅತ್ತೆ. "ಅದು ಆ ಸಿಟ್ಟಿಗೇ ಕಣೇ."

ನಾನು ಅವರ ಕೈ ಹಿಡಿದುಕೊಂಡೆ. ಬಸ್ಸು ಒಂದು ಹಳ್ಳಕ್ಕೆ ಬಿದ್ದು ಎದ್ದಿತು. ಅತ್ತೆ ಕೈ ಬಿಡಿಸಿಕೊಳ್ಳಲಿಲ್ಲ, ಆದರೆ ನನ್ನ ಕಡೆ ಓರೆಗಣ್ಣಲ್ಲಿ ನೋಡಿ ಹೇಳಿದರು.

"ಸೀರೇದು ಮಾತ್ರ ಇನ್ನೂ ಹಂಗೇ ಐತೆ, ತಿಳ್ಕೊ. ಅದು ಮಕ್ಕಳೊಂದಿಗ. ಅಷ್ಟು ಸಲೀಸಾಗಿ ಏಳಾಕಿಲ್ಲ."